ಕರುಳಿನ ಗೋಡೆಯ ಈಚೆ, ಆಚೆ

ಬೆಳಿಗ್ಗೆ ಆರೂವರೆ ಹೊತ್ತಿಗೆ ಬೆಂಗಳೂರಿನ ಯಾವುದಾದರೂ ದೊಡ್ಡ ಪಾರ್ಕಿನ ಗೇಟಿನ ಬಳಿ ನಿಂತರೆ ಜ್ಯೂಸ್ ಮಾರುವವರು ಕಾಣುತ್ತಾರೆ. ಕ್ಯಾನುಗಳ ಮೇಲೆ ಹೆಸರು ಅಂಟಿಸಿರುತ್ತದೆ: ಹಾಗಲಕಾಯಿ, ಸೋರೆಕಾಯಿ, ಅಮೃತಬಳ್ಳಿ, ಬೇವು, ನೆಲ್ಲಿಕಾಯಿ, ಮೆಂತ್ಯದ ನೀರು. ವಾಕಿಂಗ್ ಮುಗಿಸಿದವರು ಎರಡು ಮೂರು ಬಗೆಯನ್ನು ಒಂದೇ ಲೋಟಕ್ಕೆ ಹಾಕಿಸಿಕೊಂಡು, ಕಹಿಗೆ ಮುಖ ಕಿವುಚಿಕೊಂಡು ಕುಡಿದು ಹೊರಡುತ್ತಾರೆ. ಅವರಲ್ಲಿ ಎಷ್ಟೋ ಜನ ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ ನುಂಗಿ ಬಂದವರು, ಮನೆಗೆ ಹೋಗಿ ಶುಗರ್, ಬಿಪಿ ಮಾತ್ರೆ ತೆಗೆದುಕೊಳ್ಳುವವರು. ‘ಬೇರೆ ಏನಾದ್ರೂ ತಗೋತಿದ್ದೀರಾ?’ ಎಂದು ಡಾಕ್ಟರು ಕೇಳಿದರೆ ‘ಏನೂ ಇಲ್ಲ ಡಾಕ್ಟ್ರೇ’ ಅನ್ನುತ್ತಾರೆ. ಮುಚ್ಚಿಡುವ ಉದ್ದೇಶ ಅವರಿಗಿರುವುದಿಲ್ಲ. ಸೊಪ್ಪು, ಬೇರು, ಕಾಯಿಯ ರಸ ಔಷಧಿಯ ಲೆಕ್ಕಕ್ಕೆ ಬರುತ್ತದೆ ಎಂದು ಹೊಳೆದಿರುವುದಿಲ್ಲ, ಅಷ್ಟೇ. ಬಹಳ ಕಾಲದಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯ ಇದು.

ಸೋರೆಕಾಯಿ ರಸದ ಮಾತನ್ನು ಮೊದಲೇ ಹೇಳಿಬಿಡಬೇಕು, ಇದರಲ್ಲಿ ಜೀವ ಹೋಗಿದೆ. ಸೋರೆ, ಸೌತೆ ಜಾತಿಯ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಅಂಶವಿರುತ್ತದೆ. ಊಟಕ್ಕೆ ಬೆಳೆಯುವ ತಳಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಒಮ್ಮೊಮ್ಮೆ ಒಂದು ಕಾಯಿ ವಿಪರೀತ ಕಹಿಯಾಗಿರುತ್ತದೆ, ಅದು ಹೊರನೋಟಕ್ಕೆ ತಿಳಿಯುವುದಿಲ್ಲ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಇಂಥ ರಸ ಕುಡಿದು ತೀರಿಕೊಂಡ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ ಸಲಹೆ ಕೊಟ್ಟಿತು: ರಸ ತೆಗೆಯುವ ಮುಂಚೆ ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಕೊನೆಯ ಮಾತಿಗೆ ಕಾರಣ ಸ್ಪಷ್ಟವಾಗಿದೆ. ಹಾಗಲಕಾಯಿ ರಸದ ಜೊತೆ ಬೆರೆತರೆ ಸೋರೆಯ ಕಹಿ ನಾಲಿಗೆಗೆ ಸಿಗುವುದಿಲ್ಲ. ಗೇಟಿನ ಬಳಿ ನಡೆಯುವುದು ಈ ಬೆರಕೆಯೇ. ಕುಡಿದ ಸ್ವಲ್ಪ ಹೊತ್ತಿಗೆ ವಾಂತಿ, ಹೊಟ್ಟೆ ಹಿಂಡುವುದು, ಭೇದಿ ಶುರುವಾದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ರಕ್ತವಾಂತಿಯಾಗಿ ಬಿಪಿ ಕುಸಿಯುವುದು ಇದರ ಮುಂದಿನ ಹಂತ.

ಮೆಟಬಾಲಿಕ್ ಸಿಂಡ್ರೋಮ್ (ಬೊಜ್ಜು, ಶುಗರ್, ಬಿಪಿ, ರಕ್ತದ ಕೊಬ್ಬು ಒಟ್ಟಿಗೆ ಹದ ತಪ್ಪಿರುವುದು) ಎಂದು ರಿಪೋರ್ಟಿನಲ್ಲಿ ಬರೆಸಿಕೊಂಡವರಿಗೆ ಈ ಐದು ಅಳತೆ ಗೊತ್ತಿರುತ್ತದೆ: ಸೊಂಟದ ಸುತ್ತಳತೆ ನಮ್ಮ ಕಡೆಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಅಥವಾ ಹೆಚ್ಚು. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ. ಬಿಪಿ 130/85 ಮುಟ್ಟಿರುವುದು. ಖಾಲಿಹೊಟ್ಟೆ ಶುಗರ್ 100 ಅಥವಾ ಹೆಚ್ಚು. ಐದರಲ್ಲಿ ಮೂರು ಸೇರಿದರೆ ಸಾಕು. ಐದಕ್ಕೂ ಗಿಡಮೂಲಿಕೆಯಲ್ಲಿ ಮದ್ದಿದೆ ಎಂದು ಹೇಳುವವರು ಸಿಗುತ್ತಾರೆ, ಒಂದಕ್ಕೂ ಇಲ್ಲ ಎಂದು ತಳ್ಳಿಹಾಕುವವರೂ ಸಿಗುತ್ತಾರೆ. ಯಾವ ಸಸ್ಯದ ಹೆಸರು ಕೇಳಿದರೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಇದು ಕೆಲಸ ಮಾಡುವುದು ಎಲ್ಲಿ? ಕರುಳಿನ ಒಳಗೇ ಅನ್ನದ ಜೊತೆ ಬೆರೆತು ಕೆಲಸ ಮುಗಿಸಿ ಹೊರಗೆ ಹೋಗುತ್ತದೆಯೋ, ಇಲ್ಲಾ ಕರುಳಿನ ಗೋಡೆ ದಾಟಿ ರಕ್ತಕ್ಕೆ, ಲಿವರಿಗೆ ಹೋಗಬೇಕೋ? ಗೋಡೆಯ ಈಚೆ ಕೆಲಸ ಮಾಡುವವನ್ನು ಅಡುಗೆಮನೆಯಲ್ಲಿ ಅಳತೆ ತಿಳಿದು ಬಳಸಬಹುದು. ಆಚೆ ಹೋಗುವವು ಔಷಧಿಗಳೇ. ಮಾತ್ರೆಯ ಪ್ರಮಾಣಕ್ಕೆ, ಅಡ್ಡಪರಿಣಾಮಕ್ಕೆ ಕೊಡುವಷ್ಟೇ ಗಮನ ಅವಕ್ಕೂ ಬೇಕು.

ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಕೂಡ ಒಂದು ಗಿಡದ ವಂಶದ್ದು. ಯುರೋಪಿನ ಗಲೀಗ ಎಂಬ ಗಿಡದಲ್ಲಿರುವ ಗ್ಯಾಲಿಗೀನ್ ಶುಗರ್ ಇಳಿಸುತ್ತಿತ್ತು, ಆದರೆ ಮನುಷ್ಯರಿಗೆ ಕೊಡಲಾಗದಷ್ಟು ವಿಷ. ಅದೇ ಬಗೆಯ, ಕಡಿಮೆ ಅಪಾಯದ ಅಣುವನ್ನು ಡಬ್ಲಿನ್‌ನಲ್ಲಿ 1922ರಲ್ಲಿ ತಯಾರಿಸಿದ್ದರೂ ಅದು ಮಧುಮೇಹದ ಔಷಧಿಯಾಗಿ ಬಂದದ್ದು 1957ರಲ್ಲಿ, ಪ್ಯಾರಿಸ್ಸಿನ ವೈದ್ಯ ಝಾನ್ ಸ್ಟೆರ್ನ್ ಅವರಿಂದ. ಗಿಡದಲ್ಲಿ ಇರುವುದಕ್ಕೂ ಸಾಧುವಾಗಿರುವುದಕ್ಕೂ ಸಂಬಂಧವಿಲ್ಲ ಎನ್ನುವುದನ್ನು ನಾವು ದಿನಾ ನುಂಗುವ ಮಾತ್ರೆಯ ಚರಿತ್ರೆಯೇ ತೋರಿಸುತ್ತದೆ.

ಮೆಂತ್ಯ: ನೀರಲ್ಲ, ಕಾಳು

ಗೋಡೆಯ ಈಚೆ ಕೆಲಸ ಮಾಡುವವುಗಳಲ್ಲಿ ಮೆಂತ್ಯದಷ್ಟು ಗಟ್ಟಿ ಆಧಾರವಿರುವುದು ನಮ್ಮ ಮಸಾಲೆ ಡಬ್ಬಿಯಲ್ಲಿ ಬೇರೊಂದಿಲ್ಲ. ಕಾಳಿನ ಸುಮಾರು ಅರ್ಧ ಭಾಗ ನಾರು. ಅದರಲ್ಲಿ ಗ್ಯಾಲಕ್ಟೋಮ್ಯಾನನ್ ಎಂಬ ಕರಗುವ ನಾರು ನೀರು ಕುಡಿದು ಲೋಳೆಯಾಗುತ್ತದೆ. ಈ ಲೋಳೆ ಊಟದ ಜೊತೆ ಸೇರಿದಾಗ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಅನ್ನದ ಗ್ಲೂಕೋಸ್ ಕರುಳಿನ ಗೋಡೆಯನ್ನು ತಡವಾಗಿ ಮುಟ್ಟುತ್ತದೆ, ಪಿತ್ತದ ಆಮ್ಲಗಳು ಒಂದಿಷ್ಟು ಮಲದಲ್ಲಿ ಹೋಗುತ್ತವೆ. ಹೋದ ಪಿತ್ತವನ್ನು ಮತ್ತೆ ತಯಾರಿಸಲು ಲಿವರ್ ರಕ್ತದ ಕೊಲೆಸ್ಟ್ರಾಲನ್ನು ಬಳಸಿಕೊಳ್ಳುತ್ತದೆ. ಕಾಳಿನಲ್ಲಿ 4-ಹೈಡ್ರಾಕ್ಸಿಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲವೂ ಇದೆ, ಇನ್ಸುಲಿನ್ ಸ್ರವಿಸುವುದಕ್ಕೆ ಅದು ಒತ್ತಾಸೆ ಕೊಡುತ್ತದೆ ಎಂದು ಪ್ರಾಣಿಗಳಲ್ಲಿ ಕಂಡಿದೆ. ಆದರೂ ಊಟದ ನಂತರದ ಶುಗರ್ ವಿಷಯದಲ್ಲಿ ದೊಡ್ಡ ಕೆಲಸ ನಾರಿನದೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಆರ್. ಡಿ. ಶರ್ಮ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ನಿಂತು ನೋಡಬೇಕು. ಟೈಪ್-1 ಮಧುಮೇಹದವರಿಗೆ ಹತ್ತು ದಿನ, ದಿನಕ್ಕೆ 100 ಗ್ರಾಂ ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ಕೊಟ್ಟರು. ಎರಡು ಸಮಭಾಗ ಮಾಡಿ ಮಧ್ಯಾಹ್ನದ, ರಾತ್ರಿಯ ಊಟದಲ್ಲೇ ಬೆರೆಸಿದರು. ಖಾಲಿಹೊಟ್ಟೆಯ ಶುಗರ್ ಇಳಿಯಿತು, ಮೂತ್ರದಲ್ಲಿ ಹೋಗುವ ಸಕ್ಕರೆ ಶೇ. 54ರಷ್ಟು ಕಡಿಮೆಯಾಯಿತು. ಮನೆಯಲ್ಲಿ ಯಾರೂ 100 ಗ್ರಾಂ ತಿನ್ನಲಾರರು, ತಿನ್ನಬೇಕಾಗಿಯೂ ಇಲ್ಲ. ಅದೇ ಸಂಸ್ಥೆಯ ಮುಂದಿನ ಕೆಲಸ ದಿನಕ್ಕೆ 25 ಗ್ರಾಂ ಮಟ್ಟದಲ್ಲಿ ನಡೆಯಿತು. ಅಲ್ಲೂ ಎರಡು ಪಾಲು, ಅಲ್ಲೂ ಊಟಕ್ಕೆ ಅಂಟಿಕೊಂಡೇ.

ಈಗ ರೂಢಿಯಲ್ಲಿರುವುದನ್ನು ಇದರ ಪಕ್ಕ ಇಟ್ಟು ನೋಡಿ. ರಾತ್ರಿ ಒಂದು ಚಮಚ ಕಾಳು ನೆನೆಹಾಕಿ, ಬೆಳಿಗ್ಗೆ ನೀರು ಕುಡಿದು ಕಾಳು ಚೆಲ್ಲುತ್ತಾರೆ. ಲೋಳೆಯ ಹೆಚ್ಚಿನ ಪಾಲು ಚೆಲ್ಲಿದ ಕಾಳಿನಲ್ಲೇ ಉಳಿದಿರುತ್ತದೆ. ಇನ್ನು ಕೆಲವರು ಇಡೀ ಕಾಳನ್ನು ಅಗಿಯದೆ ನುಂಗುತ್ತಾರೆ. ಅದು ಸರಿಯಾಗಿ ಬಿಚ್ಚಿಕೊಳ್ಳದೆ ಹಾದುಹೋಗುತ್ತದೆ. ಮತ್ತೆ ಕೆಲವರು ಪುಡಿಯನ್ನೇ ತಿಂದರೂ ಆರು ಗಂಟೆಗೆ ತಿಂದು ಒಂಬತ್ತಕ್ಕೆ ಇಡ್ಲಿ ತಿನ್ನುತ್ತಾರೆ. ಇಡ್ಲಿ ಬರುವ ಹೊತ್ತಿಗೆ ಅಡ್ಡ ನಿಲ್ಲಬೇಕಾದ ಲೋಳೆ ಮುಂದೆ ಸಾಗಿರುತ್ತದೆ. ಪ್ರಮಾಣದ ಲೆಕ್ಕವೂ ಹಾಗೆಯೇ. ಒಂದು ಮಟ್ಟಸ ಟೀ ಚಮಚ ಪುಡಿ ಮೂರು ಗ್ರಾಂ ಆಸುಪಾಸು, 25 ಗ್ರಾಂ ಆಗಬೇಕಾದರೆ ಎಂಟು ಚಮಚದಷ್ಟು ಬೇಕು.

ಹಾಗಾದರೆ ಮಾಡುವುದು ಹೇಗೆ? ಕಾಳನ್ನು ಆರಿಸಿ, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ನುಣ್ಣಗೆ ಪುಡಿ ಮಾಡಿ. ಕೆಂಪಗೆ ಹುರಿಯುವುದು ಬೇಡ. ಎರಡು ವಾರಕ್ಕೆ ಸಾಕಾಗುವಷ್ಟನ್ನು ಮಾತ್ರ ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮೊದಲ ವಾರ ದಿನಕ್ಕೆ 5 ಗ್ರಾಂ, ಅನ್ನ ಅಥವಾ ಮುದ್ದೆಯ ದೊಡ್ಡ ಊಟದ ಜೊತೆ. ವಾರಕ್ಕೆ 5 ಗ್ರಾಂನಂತೆ ಏರಿಸುತ್ತ, ಎರಡು ಊಟಕ್ಕೆ ಹಂಚಿ, ಒಂದೊಂದು ಊಟಕ್ಕೆ 10–12 ಗ್ರಾಂಗೆ ನಿಲ್ಲಿಸಿ. ಒಮ್ಮೆಲೇ ಪೂರ್ತಿ ಪ್ರಮಾಣ ತಿಂದರೆ ಹೊಟ್ಟೆ ಉಬ್ಬರ, ಭೇದಿ ಬಂದು ಮೂರನೇ ದಿನಕ್ಕೇ ಬಿಟ್ಟುಬಿಡುತ್ತೀರಿ. ಮಜ್ಜಿಗೆಗೆ ಕಲಸಿದರೆ ಕೂಡಲೇ ಕುಡಿಯಬೇಕು, ಸ್ವಲ್ಪ ಹೊತ್ತು ಬಿಟ್ಟರೆ ಗಂಟಲಲ್ಲಿ ಇಳಿಯದಷ್ಟು ಗಟ್ಟಿಯಾಗುತ್ತದೆ. ಚಪಾತಿಗಾದರೆ 100 ಗ್ರಾಂ ಗೋಧಿ ಹಿಟ್ಟಿಗೆ 10 ಗ್ರಾಂ ಪುಡಿ ಸೇರಿಸಿ. ಹಿಟ್ಟು ಎಂದಿಗಿಂತ ಹೆಚ್ಚು ನೀರು ಕೇಳುತ್ತದೆ, ಕಲಸಿ ಅರ್ಧ ಗಂಟೆ ನೆನೆಯಲು ಬಿಡದಿದ್ದರೆ ಲಟ್ಟಿಸುವಾಗ ಅಂಚು ಬಿರಿಯುತ್ತದೆ. ಕಹಿ ತಡೆಯದವರು ಪುಡಿಯನ್ನು ಗಟ್ಟಿ ಮೊಸರಿಗೆ ಕಲಸಿ, ಒಗ್ಗರಣೆ ಕೊಟ್ಟು ತಿನ್ನಬಹುದು.

ಮೈಸೂರು ಸೀಮೆಯ ‘ಮೆಂತ್ಯದ ಹಿಟ್ಟು’ ಈ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ ಹೆಚ್ಚಿನದು ಬೇಳೆ, ಗೋಧಿ, ಅಕ್ಕಿ. ಮೆಂತ್ಯ ಘಮಕ್ಕೆ ಬೇಕಾದಷ್ಟೇ. ಮೆಂತ್ಯದ ದೋಸೆಯಲ್ಲೂ ಮೂರು ನಾಲ್ಕು ಲೋಟ ಅಕ್ಕಿಗೆ ಬೀಳುವುದು ಒಂದೆರಡು ಚಮಚ ಮೆಂತ್ಯ, ಶುಗರಿನ ಮಟ್ಟಿಗೆ ಅದು ಅಕ್ಕಿ ದೋಸೆಯೇ.

ಗೋಡೆಯ ಈಚೆ ಕೆಲಸ ಮಾಡುವುದಕ್ಕೂ ಒಂದು ತೊಡಕಿದೆ. ಗ್ಲೂಕೋಸನ್ನು ತಡೆಯುವ ಲೋಳೆ ಮಾತ್ರೆಯನ್ನೂ ತಡೆಯುತ್ತದೆ. ಥೈರಾಕ್ಸಿನ್ ಮಾತ್ರೆಗೂ ಮೆಂತ್ಯ, ಇಸಬಗೋಲಿನಂಥ ನಾರಿಗೂ ನಾಲ್ಕು ಗಂಟೆ ಅಂತರ ಬೇಕು. ಎಷ್ಟೋ ಸಲ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯ ಅಂಕಿ) ಏರಿತೆಂದು ಮಾತ್ರೆಯ ಪ್ರಮಾಣ ಹೆಚ್ಚಿಸುವ ಮುಂಚೆ ಬೆಳಗಿನ ಮೆಂತ್ಯವನ್ನು ಮಧ್ಯಾಹ್ನಕ್ಕೆ ಸರಿಸಿ ನೋಡುವುದು ಒಳ್ಳೆಯದು. ಉಳಿದ ಮಾತ್ರೆಗಳಿಗೆ ಒಂದೆರಡು ಗಂಟೆ ಬಿಡುವು ಇರಲಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ನೋಡಿಸದೆ ಶುರು ಮಾಡಬಾರದು. ಶೇಂಗಾ, ಕಡಲೆ ಅಲರ್ಜಿ ಇದ್ದವರಿಗೆ ಮೆಂತ್ಯವೂ ಆಗದಿರಬಹುದು. ಗರ್ಭಿಣಿಯರು ಒಗ್ಗರಣೆಯ ಪ್ರಮಾಣ ಮೀರಬಾರದು. ಬೆವರು, ಮೂತ್ರಕ್ಕೆ ಪಾಕದಂಥ ವಾಸನೆ ಬಂದರೆ ಹೆದರಬೇಕಿಲ್ಲ, ಅದು ಸೊಟೊಲಾನ್ ಎಂಬ ಸುವಾಸನೆಯ ಅಂಶ.

ಇಸಬಗೋಲು ಇದೇ ಗುಂಪಿನದು. ದಿನಕ್ಕೆ 10 ಗ್ರಾಂ ಹೊಟ್ಟು, ಎರಡು ಪಾಲಾಗಿ, ಪ್ರತಿ ಸಲ ದೊಡ್ಡ ಲೋಟ ತುಂಬ ನೀರಿನೊಂದಿಗೆ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಇಳಿಸುವುದರಲ್ಲಿ ಇದಕ್ಕೆ ಮೆಂತ್ಯಕ್ಕಿಂತಲೂ ಹೆಚ್ಚು ಪುರಾವೆ ಇದೆ. ನೀರು ಕಡಿಮೆಯಾದರೆ ಗಂಟಲಲ್ಲೇ ಕಟ್ಟಿಕೊಳ್ಳುತ್ತದೆ, ಮಲಗುವ ಮುಂಚೆ ಒಣದಾಗಿ ಬಾಯಿಗೆ ಹಾಕಿಕೊಳ್ಳುವುದು ಅಪಾಯ.

ಮಲೆನಾಡು, ಕರಾವಳಿಯ ಕಾಡಿನ ಏಕನಾಯಕದ ಬೇರೂ ಕರುಳಿನಲ್ಲೇ ಕೆಲಸ ಮಾಡುವಂಥದ್ದು, ಬೇರೆ ದಾರಿಯಲ್ಲಿ. ಅದರಲ್ಲಿರುವ ಸಲಾಸಿನೋಲ್, ಕೊಟಲನೋಲ್‌ಗಳು ಪಿಷ್ಟವನ್ನೂ ಸಕ್ಕರೆಯನ್ನೂ ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಅಕಾರ್ಬೋಸ್, ವೋಗ್ಲಿಬೋಸ್ ಎಂಬ ಶುಗರ್ ಮಾತ್ರೆಗಳ ಕೆಲಸವೂ ಇದೇ. ಒಡೆಯದೆ ಉಳಿದ ಪಿಷ್ಟ ದೊಡ್ಡ ಕರುಳಿನಲ್ಲಿ ಹುಳಿಯುವುದರಿಂದ ಗ್ಯಾಸ್ ಆಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಶುಗರ್ ಮಾತ್ರೆಯ ಜೊತೆ ಏಕನಾಯಕ ತೆಗೆದುಕೊಳ್ಳುವವರು ಒಂದು ಸಂಗತಿಯನ್ನು ಮನೆಯವರಿಗೂ ಹೇಳಿಟ್ಟಿರಬೇಕು: ಶುಗರ್ ಇಳಿದು ಕೈ ನಡುಗಿದಾಗ ಸಕ್ಕರೆ ನೀರು ಬೇಗ ಹಿಡಿಯುವುದಿಲ್ಲ, ಸಕ್ಕರೆ ಒಡೆಯುವ ಕಿಣ್ವವೇ ಕಟ್ಟಿಹೋಗಿರುತ್ತದೆ. ಗ್ಲೂಕೋಸ್ ಪುಡಿಯನ್ನೇ ಕೊಡಬೇಕು.

ಮಧುನಾಶಿನಿಯ ಎಲೆ ಅಗಿದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸಕ್ಕರೆ ಮರಳಿನಂತೆ ಸಪ್ಪೆಯಾಗುತ್ತದೆ, ಅದರ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿಗ್ರಾಹಿಗಳನ್ನು ಮುಚ್ಚುತ್ತದೆ. ಸಿಹಿ ಬಿಡಲಾಗದವರಿಗೆ ಇದೊಂದೇ ದೊಡ್ಡ ಉಪಕಾರ. ಕ್ಯಾಪ್ಸೂಲ್ ನುಂಗಿದರೆ ನಾಲಿಗೆಗೆ ತಾಗದೆ ಆ ಉಪಕಾರವೇ ತಪ್ಪಿಹೋಗುತ್ತದೆ.

ಉಪ್ಪಾಗೆಯ ಹುಳಿ

ಗೋಡೆಯ ಆಚೆಗೆ ಹೋಗಬೇಕಾದ ಅಂಶಗಳ ಕಷ್ಟ ಏನೆಂದು ತಿಳಿಯಲು ಉಪ್ಪಾಗೆಗಿಂತ ಒಳ್ಳೆಯ ಉದಾಹರಣೆ ಸಿಗದು. ಇದು ನಮ್ಮದೇ ಕಾಡಿನ ಹಣ್ಣು, ವಿಜ್ಞಾನ ಶುರುವಾದದ್ದೂ ಮೈಸೂರಿನಲ್ಲೇ. ಉಪ್ಪಾಗೆಯ ಸಿಪ್ಪೆಯ ಹುಳಿ ಸಿಟ್ರಿಕ್, ಟಾರ್ಟಾರಿಕ್ ಆಮ್ಲದ್ದೆಂದು ನಂಬಿದ್ದ ಕಾಲದಲ್ಲಿ, ಚೆಲುವಾಂಬ ಮಹಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ಅವರ ತಂಡ, ಈ ಆಮ್ಲ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ಕಂಡಿತು. ತಿಂದ ಹಿಟ್ಟು, ಸಕ್ಕರೆ ಲಿವರಿನಲ್ಲಿ ಕೊಬ್ಬಾಗುವ ದಾರಿಯಲ್ಲಿ ನಿಂತಿರುವ ಕಿಣ್ವ ಅದು. ಇಲಿಗಳಲ್ಲಿ ಕೊಬ್ಬು ತಯಾರಾಗುವುದು ಕಡಿಮೆಯಾಯಿತು, ಅವು ತಿನ್ನುವುದೂ ಕಡಿಮೆಯಾಯಿತು.

ಅಲ್ಲಿಂದ ಕ್ಯಾಪ್ಸೂಲಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. 1990ರ ದಶಕದಲ್ಲಿ ‘ಗಾರ್ಸಿನಿಯಾ’ ಹೆಸರಿನಲ್ಲಿ ಬೊಜ್ಜು ಕರಗಿಸುವ ಮಾತ್ರೆಗಳು ಪ್ರಪಂಚದ ತುಂಬ ಹರಡಿದವು. ಸಿರ್ಸಿ, ಸಿದ್ದಾಪುರದ ಕಡೆ ದೋಸೆಗೆ ತುಪ್ಪ ತೆಗೆಯಲು ಬೀಜ, ಸಾರಿಗೆ ಒಂದಿಷ್ಟು ಸಿಪ್ಪೆ ಎಂದು ಬಳಸುತ್ತಿದ್ದ ಹಣ್ಣಿಗೆ ಮಾರುಕಟ್ಟೆ ಬಂತು. ಬಲಿಯದ ಕಾಯಿ ಕೊಯ್ಯುವುದು, ಕೊಂಬೆಯನ್ನೇ ಕಡಿಯುವುದು ನಡೆಯಿತು. ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲಿಲ್ಲದೆ ಸಿಪ್ಪೆ ಒಣಗಿಸಲು ಬೆಂಕಿಯೇ ಗತಿ, ಅದಕ್ಕೂ ಅದೇ ಕಾಡಿನ ಸೌದೆ.

1998ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪರೀಕ್ಷೆಯ ಫಲಿತಾಂಶ ಬಂತು. ತೂಕ ಹೆಚ್ಚಿದ್ದ 135 ಜನ, ಹನ್ನೆರಡು ವಾರ, ದಿನಕ್ಕೆ 1500 ಮಿ.ಗ್ರಾಂ ಆಮ್ಲ. ಅದನ್ನು ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದರು, ಔಷಧಿಯಿಲ್ಲದ ಖಾಲಿ ಮಾತ್ರೆಯವರು 4.1 ಕಿಲೋ. ಇಬ್ಬರಿಗೂ ಕೊಟ್ಟಿದ್ದ ಪಥ್ಯವೇ ತೂಕ ಇಳಿಸಿತ್ತು. ಇಲಿಯಲ್ಲಿ ಆದದ್ದು ಮನುಷ್ಯನಲ್ಲಿ ಏಕೆ ಆಗಲಿಲ್ಲ? ಕೊಬ್ಬನ್ನು ಕೊಬ್ಬಾಗಿಯೇ ತಿನ್ನುವ ಮನುಷ್ಯನ ಲಿವರ್, ಹಿಟ್ಟಿನಿಂದ ಕೊಬ್ಬು ತಯಾರಿಸುವ ಕೆಲಸವನ್ನು ಇಲಿಯಷ್ಟು ಮಾಡುವುದಿಲ್ಲ. ಜೊತೆಗೆ ಈ ಆಮ್ಲ ಜೀವಕೋಶದ ಒಳಗೆ ಸುಲಭವಾಗಿ ಹೋಗುವುದಿಲ್ಲ, ಕಾಯಿಸಿದಾಗ ಲ್ಯಾಕ್ಟೋನ್ ರೂಪಕ್ಕೆ ತಿರುಗಿ ಕಿಣ್ವ ತಡೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳು ಮಾತ್ರ ಹಲವು ದೇಶಗಳಿಂದ ದಾಖಲಾದವು.

ಮೈಸೂರಿನವರು ಗುರುತಿಸಿದ ಅಣು ಹಿಡಿದ ಕಿಣ್ವ ಸರಿಯಾದದ್ದೇ ಆಗಿತ್ತು. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಂಪೆಡೋಯಿಕ್ ಆಮ್ಲ ಎಂಬ ಕೊಲೆಸ್ಟ್ರಾಲ್ ಮಾತ್ರೆ ತಡೆಯುವುದೂ ಇದೇ ಎಟಿಪಿ ಸಿಟ್ರೇಟ್ ಲೈಯೇಸನ್ನು. ಲಿವರಿನ ಒಳಗೆ ಹೋದ ಮೇಲೆಯೇ ಜಾಗೃತವಾಗುವಂತೆ ರೂಪಿಸಿದ ಅಣು ಅದು. ಮೀನುಸಾರಿನ ಉಪ್ಪಾಗೆಯನ್ನು ಯಾರೂ ಬಿಡಬೇಕಾಗಿಲ್ಲ. ಕ್ಯಾಪ್ಸೂಲನ್ನು ಬಿಡಬೇಕು.

ಅರಿಶಿನ, ಮರದರಿಶಿನ, ಚಕ್ಕೆ

ಅರಿಶಿನದ ಮುಖ್ಯ ಅಂಶ ಕರ್ಕ್ಯುಮಿನ್‌ಗೂ ಗೋಡೆ ದಾಟುವ ಕಷ್ಟವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೇ ಇಂದು ಪ್ರತಿ ಡಬ್ಬಿಯ ಮೇಲೆ ಕಾಣುವ ‘ಕಾಳುಮೆಣಸಿನ ಸಾರ ಸೇರಿಸಿದೆ’ ಎಂಬ ಮಾತಿನ ಮೂಲ. 2 ಗ್ರಾಂ ಕರ್ಕ್ಯುಮಿನ್ ಒಂದೇ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿ.ಗ್ರಾಂ ಕೊಟ್ಟಾಗ ದೇಹಕ್ಕೆ ಸೇರುವುದು ಶೇ. 2000ದಷ್ಟು ಹೆಚ್ಚಿತು. ಅರಿಶಿನದಲ್ಲಿ ಕರ್ಕ್ಯುಮಿನ್ ಶೇ. 3ರ ಆಸುಪಾಸು, ಅಂದರೆ ಆ 2 ಗ್ರಾಂ ಸಿಗಲು 60 ಗ್ರಾಂಗೂ ಮೇಲೆ ಅರಿಶಿನ ತಿನ್ನಬೇಕು. ಹಾಲಿನ ಚಿಟಿಕೆಯಿಂದ ಶುಗರ್ ಇಳಿಯುವ ನಿರೀಕ್ಷೆ ಬೇಡ. ಇನ್ನೊಂದು ಕಡೆ, ಪೈಪರಿನ್ ಗೋಡೆಯ ಬಾಗಿಲನ್ನು ಕರ್ಕ್ಯುಮಿನ್‌ಗೆ ಮಾತ್ರ ತೆರೆಯುವುದಿಲ್ಲ. ಕರುಳು, ಲಿವರಿನಲ್ಲಿ ಹೊರಗಿನ ವಸ್ತುಗಳನ್ನು ವಿಲೇವಾರಿ ಮಾಡುವ ಕಿಣ್ವಗಳನ್ನೇ ಅದು ಮಂದಗೊಳಿಸುತ್ತದೆ. ಫಿಟ್ಸಿನ ಫೆನಿಟಾಯಿನ್, ಬಿಪಿಯ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಕೂಡ ರಕ್ತದಲ್ಲಿ ಏರುತ್ತವೆ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ. ಹೀಗೆ ಹೀರಿಕೆ ಹೆಚ್ಚಿಸಿದ ಅರಿಶಿನದ ಮಾತ್ರೆಗಳಿಂದ ಲಿವರ್ ಉರಿಯೂತ ಬಂದದ್ದು ಇಟಲಿಯಲ್ಲೂ ಅಮೆರಿಕದಲ್ಲೂ ದಾಖಲಾಗಿದೆ. ಅಡುಗೆಯ ಅರಿಶಿನಕ್ಕೆ ಈ ಭಯವಿಲ್ಲ.

ಮರದರಿಶಿನದಂಥ ಗಿಡಗಳಲ್ಲಿರುವ ಹಳದಿ ಅಂಶ ಬರ್ಬರಿನ್ ವಿಚಿತ್ರವಾದದ್ದು. ಬಾಯಿಂದ ಕೊಟ್ಟದ್ದರಲ್ಲಿ ರಕ್ತಕ್ಕೆ ಸೇರುವುದು ಶೇ. 1ಕ್ಕಿಂತ ಕಡಿಮೆ, ಆದರೂ ಪರಿಣಾಮ ದೊಡ್ಡದು. 2008ರಲ್ಲಿ ಶಾಂಘೈನವರು ಪ್ರಕಟಿಸಿದ ಸಣ್ಣ ಪ್ರಯೋಗದಲ್ಲಿ, ಹೊಸದಾಗಿ ಶುಗರ್ ಕಂಡ 36 ಜನರಲ್ಲಿ ಒಂದು ಗುಂಪಿಗೆ 500 ಮಿ.ಗ್ರಾಂ ಬರ್ಬರಿನ್ ದಿನಕ್ಕೆ ಮೂರು ಸಲ, ಇನ್ನೊಂದಕ್ಕೆ ಮೆಟ್‌ಫಾರ್ಮಿನ್ ಕೊಟ್ಟರು. ಮೂರು ತಿಂಗಳಲ್ಲಿ ಬರ್ಬರಿನ್ ಗುಂಪಿನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 9.5ರಿಂದ 7.5ಕ್ಕೆ ಬಂತು, ಮೆಟ್‌ಫಾರ್ಮಿನ್‌ಗೆ ಹೆಚ್ಚುಕಡಿಮೆ ಸಮ. ಎಲ್‌ಡಿಎಲ್, ಟ್ರೈಗ್ಲಿಸರೈಡ್ ಎರಡನ್ನೂ ಇಳಿಸುವುದರಿಂದ ಮೆಟಬಾಲಿಕ್ ಸಿಂಡ್ರೋಮಿಗೆ ಹೇಳಿ ಮಾಡಿಸಿದಂತಿದೆ. ಆದರೆ ಔಷಧಿಗಳನ್ನು ಒಡೆಯುವ ಲಿವರಿನ ಸಿವೈಪಿ ಕಿಣ್ವಗಳನ್ನು ತಡೆದು, ಅಂಗ ಕಸಿಯಾದವರ ಸೈಕ್ಲೋಸ್ಪೋರಿನ್, ಕೊಲೆಸ್ಟ್ರಾಲಿನ ಕೆಲವು ಸ್ಟ್ಯಾಟಿನ್‌ಗಳ ಮಟ್ಟ ಏರಿಸಬಲ್ಲದು. ಗರ್ಭಿಣಿಯರು, ಬಾಣಂತಿಯರು ಮುಟ್ಟಬಾರದು: ಹಸುಗೂಸಿನ ರಕ್ತದಲ್ಲಿ ಕಾಮಾಲೆಯ ಬಿಲಿರುಬಿನ್ ಏರಿ ಮಿದುಳಿಗೆ ಹಾನಿಯಾಗುವ ಅಪಾಯವಿದೆ.

ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ‘ದಾರುಹರಿದ್ರ’ ಎಂದು ಕೇಳಿದರೆ ಬಹಳ ಕಡೆ ಕೊಡುವುದು ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿಯನ್ನು. ಇದರಲ್ಲೂ ಬರ್ಬರಿನ್ ಇದೆ, ಕಾಂಡದಲ್ಲಿ ಶೇ. 1–3. ಪ್ರಯೋಗದ ಪ್ರಮಾಣ ಮುಟ್ಟಲು ದಿನಕ್ಕೆ 50 ಗ್ರಾಂನಿಂದ 150 ಗ್ರಾಂ ಬಳ್ಳಿ ಬೇಕಾಗುತ್ತದೆ, ಕಷಾಯಕ್ಕೆ ಹಾಕುವ ಎರಡು ತುಂಡಿನಿಂದ ಅದಾಗದು. ಗಂಡು ಹೆಣ್ಣು ಬೇರೆ ಬೇರೆಯಾಗಿ ಬೆಳೆಯುವ ಈ ಬಳ್ಳಿ ಹೂಬಿಡಲು ಹದಿನೈದು ವರ್ಷದ ಹತ್ತಿರ ಹಿಡಿಯುತ್ತದೆ. ದಕ್ಷಿಣ ಭಾರತದಲ್ಲಿ ಅಳಿವಿನ ಅಂಚಿಗೆ ಬಂದಿರುವುದರಿಂದಲೇ ಕಾಡಿನಿಂದ ತೆಗೆದದ್ದನ್ನು ರಫ್ತು ಮಾಡುವಂತಿಲ್ಲ. ಪ್ರಯೋಜನಕ್ಕೆ ಬಾರದ ಪ್ರಮಾಣದ ಕಷಾಯಕ್ಕಾಗಿ ಇದನ್ನು ಕೊಳ್ಳದಿರುವುದೇ ಸರಿ.

ಚಕ್ಕೆಯ ವಿಷಯದಲ್ಲಿ ಜನಪ್ರಿಯತೆಯೆಲ್ಲ 2003ರ ಪಾಕಿಸ್ತಾನದ 60 ಜನರ ಒಂದು ಪ್ರಯೋಗದಿಂದ ಬಂದದ್ದು. ಆಮೇಲಿನ ಪ್ರಯೋಗಗಳ ಫಲ ಒಂದೊಂದು ಒಂದೊಂದು ಥರ. ಅಂಗಡಿಯಲ್ಲಿ ಸಿಗುವ ದಪ್ಪ, ಒಂದೇ ಪದರದ, ಸುತ್ತಿಕೊಂಡ ಚಕ್ಕೆ ಕ್ಯಾಸಿಯಾ. ಅದರಲ್ಲಿ ಲಿವರಿಗೆ ತೊಂದರೆ ಕೊಡುವ ಕೂಮರಿನ್ ಗ್ರಾಂಗೆ ಸುಮಾರು 3 ಮಿ.ಗ್ರಾಂ ಇರುತ್ತದೆ. ಯುರೋಪಿನವರ ದಿನದ ಮಿತಿ ದೇಹತೂಕದ ಕಿಲೋಗೆ 0.1 ಮಿ.ಗ್ರಾಂ. 60 ಕಿಲೋ ಇರುವವರಿಗೆ ಎರಡು ಗ್ರಾಂ ಚಕ್ಕೆಯಲ್ಲೇ ಮಿತಿ ಮುಗಿಯಿತು, ದಿನಾ ಒಂದು ಚಮಚ ಪುಡಿ ನುಂಗಿದರೆ ದಾಟಿಹೋಗುತ್ತದೆ. ತೆಳುವಾದ, ಹಲವು ಪದರ ಸುತ್ತಿದ, ಬೆರಳಲ್ಲಿ ಮುರಿಯುವ ಸಿಲೋನ್ ದಾಲ್ಚಿನ್ನಿಯಲ್ಲಿ ಕೂಮರಿನ್ ಇಲ್ಲವೆನ್ನುವಷ್ಟು ಕಡಿಮೆ. ಪುಡಿ ಮಾಡಿದ ಮೇಲೆ ಗುರುತು ಸಿಗದು, ಆದ್ದರಿಂದ ಇಡಿಯದನ್ನೇ ಕೊಳ್ಳಿ.

ಬಿಪಿ ಇರುವವರು ಕೆಮ್ಮಿನ ಕಷಾಯದ ಪುಡಿಯಲ್ಲಿ ಜ್ಯೇಷ್ಠಮಧು ಇದೆಯೇ ನೋಡಬೇಕು. ಅದರ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು ನಿಲ್ಲಿಸಿ, ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಐದು ಅಳತೆಗಳಲ್ಲಿ ಒಂದನ್ನು ಕೆಡಿಸುವ ಗಿಡವೇ ಮನೆಯ ಡಬ್ಬಿಯಲ್ಲಿರುತ್ತದೆ.

ಫಲ ಸಿಕ್ಕಿತೋ ಇಲ್ಲವೋ

ಮೂರು ಬಗೆ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಮೂರು ತಿಂಗಳು. ಕೆಂಪುರಕ್ತಕಣದ ಆಯಸ್ಸು ಸುಮಾರು 120 ದಿನ, ಮೂರು ತಿಂಗಳಿಗಿಂತ ಬೇಗ ಎಚ್‌ಬಿಎ1ಸಿ ನೋಡಿದರೆ ಹಳೆಯ ಲೆಕ್ಕವೇ ಬಹಳಷ್ಟು ಸೇರಿಕೊಂಡಿರುತ್ತದೆ. ಮೆಂತ್ಯದ ಕೆಲಸವನ್ನು ಮಾತ್ರ ಮೊದಲೇ ನೋಡಬಹುದು: ಅದೇ ಊಟವನ್ನು ಒಂದು ದಿನ ಮೆಂತ್ಯವಿಲ್ಲದೆ, ಇನ್ನೊಂದು ದಿನ ಮೆಂತ್ಯದೊಂದಿಗೆ ಮಾಡಿ, ಎರಡು ಗಂಟೆಯ ನಂತರದ ಶುಗರನ್ನು ಮನೆಯ ಗ್ಲುಕೋಮೀಟರಿನಲ್ಲಿ ನೋಡಿ. ಸೊಂಟವನ್ನು ಅಳೆಯುವಾಗ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುವೆ ಟೇಪ್ ಹಿಡಿದು, ಉಸಿರು ಬಿಟ್ಟ ಮೇಲೆ ಓದಿಕೊಳ್ಳಿ. ಪ್ಯಾಂಟಿನ ಅಳತೆ ಇದಕ್ಕೆ ಆಗುವುದಿಲ್ಲ. ಗ್ಲಿಮಿಪಿರೈಡ್, ಗ್ಲೈಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ಇದ್ದರೆ ಡಾಕ್ಟರಿಗೆ ಹೇಳಿಯೇ ಶುರು ಮಾಡಿ, ಅವುಗಳ ಪ್ರಮಾಣ ಕಡಿಮೆ ಮಾಡಬೇಕಾಗಿ ಬರಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಕ್ಯಾಪ್ಸೂಲ್, ಸಾರ, ದಿನನಿತ್ಯದ ಅಮೃತಬಳ್ಳಿ ಇವುಗಳನ್ನು ಶುರು ಮಾಡುವ ಮುಂಚೆ ಒಮ್ಮೆ, ಒಂದು ತಿಂಗಳಿಗೆ ಇನ್ನೊಮ್ಮೆ ಲಿವರ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಬಳಸಿದ ಆರು ಜನರ ಲಿವರ್ ಹಾನಿಯನ್ನು ವರದಿ ಮಾಡಿದ್ದಾರೆ. ಅದು ಬೇರೆ ಜಾತಿಯ ಬಳ್ಳಿಯಿಂದ ಆಗಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಯಾವ ಬಳ್ಳಿ ಎಂದು ಕೊಳ್ಳುವವರಿಗೆ ಗೊತ್ತಾಗುವುದಿಲ್ಲವಾದ್ದರಿಂದ ಎರಡು ಮಾತಿನಲ್ಲೂ ಎಚ್ಚರಿಕೆ ಇದೆ. ಹಸಿವು ಕಟ್ಟುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು, ಮೈ ತುರಿಕೆ ಕಂಡರೆ ಎಲ್ಲ ಮೂಲಿಕೆಗಳನ್ನೂ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಡಬ್ಬಿ, ಮಾತ್ರೆಯ ಸ್ಟ್ರಿಪ್, ಗ್ರಂಥಿಗೆ ಅಂಗಡಿಯ ಪೊಟ್ಟಣ ಎಲ್ಲವನ್ನೂ ಜೊತೆಗೆ ಒಯ್ಯಿರಿ. ಪೊಟ್ಟಣದ ಮೇಲೆ ಹೆಸರಿಲ್ಲದಿದ್ದರೆ ಉಳಿದ ಪುಡಿಯನ್ನು ಎಸೆಯದೆ ಹಾಗೆಯೇ ಕೊಡಿ.